ಸಂತೆಮಾಳದ ಹದಿನಾಲ್ಕನೆಯ ಕಲ್ಲು

ಜನವರಿ 9, ಮಂಗಳವಾರ. ಸಬರ್ಬ್ ಬಸ್ ನಿಲ್ದಾಣ ಬಿಟ್ಟದ್ದು 5.20, ಇಳಿದದ್ದು 6.55. ಚಳಿ. ಜೊತೆಗೆ: ನೀರಿನ ಬಾಟಲಿ, ಅವಲಕ್ಕಿ, ಅಳತೆ ಟೇಪು, ಸೀಮೆಸುಣ್ಣ ಎರಡು.

ನನ್ನ ದಿನಚರಿಯಲ್ಲಿ ಆ ದಿನದ ಪುಟ ಶುರುವಾಗುವುದು ಹೀಗೆ. ಆ ಸೀಮೆಸುಣ್ಣದಿಂದ ಏನಾಗುತ್ತದೆಂದು ಗೊತ್ತಿದ್ದರೆ ಅದನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದೆ.

ನಾನು ಮೈಸೂರಿನ ಒಂದು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಭಾನುವಾರ ತೆರೆದಿರುವುದರಿಂದ ನಮಗೆ ವಾರದ ರಜೆ ಮಂಗಳವಾರ. ವರ್ಷಕ್ಕೊಮ್ಮೆ ಅಲ್ಲಿ ಎಲ್ಲ ಪುಸ್ತಕಗಳನ್ನೂ ಎಣಿಸುತ್ತೇವೆ. ಎಣಿಸಿ ಮುಗಿದ ಕಪಾಟಿನ ಕಾಲಿಗೆ ಸೀಮೆಸುಣ್ಣದಲ್ಲಿ ಒಂದು ಸಂಖ್ಯೆ ಹಾಕುತ್ತೇವೆ, ಇಲ್ಲದಿದ್ದರೆ ಒಂದೇ ಕಪಾಟು ಎರಡು ಸಲ ಎಣಿಕೆಗೆ ಬಂದುಬಿಡುತ್ತದೆ. ನಾಲ್ಕು ವರ್ಷ ಇದನ್ನೇ ಮಾಡಿ ನನ್ನ ಕೈಗೆ ಅಭ್ಯಾಸವಾಗಿಹೋಗಿದೆ. ಎಣಿಸುವುದು ಎಂದರೆ ನನಗೆ ಗುರುತು ಹಾಕುತ್ತ ಹೋಗುವುದು.

ಆ ವರ್ಷ ರಜೆಯ ದಿನಗಳಲ್ಲಿ ಮೈಸೂರಿನಿಂದ ಎರಡು ಗಂಟೆಯೊಳಗೆ ಮುಟ್ಟಬಹುದಾದ ಊರುಗಳನ್ನು ಒಂದೊಂದಾಗಿ ನೋಡಬೇಕೆಂದುಕೊಂಡಿದ್ದೆ. ಮಂಗಳವಾರ ಸಂತೆ ಸೇರುವ, ಬೆಟ್ಟವೂ ಹಳೆಯ ಗುಡಿಯೂ ಇರುವ ಊರು ಎಂದು ಈ ಊರನ್ನು ಮೊದಲು ಆರಿಸಿಕೊಂಡೆ. ಸಂತೆಮಾಳದಲ್ಲಿ ವೀರಗಲ್ಲುಗಳ ಒಂದು ಸಾಲೇ ಇದೆಯೆಂದು ಯಾರೋ ಹೇಳಿದ್ದರು. ಎಷ್ಟಿವೆ ಎಂದು ಮಾತ್ರ ಅವರಿಗೂ ಗೊತ್ತಿರಲಿಲ್ಲ.

ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು. "ಕಲ್ಲು ಎಣಿಸಕ್ಕೆ ಅಷ್ಟು ದೂರ ಹೋಗ್ಬೇಕೇನೇ? ಚಾಮುಂಡಿ ಬೆಟ್ಟದ ಮೆಟ್ಟಿಲು ಎಣಿಸಿ ಮುಗೀತಾ?"

"ಅದು ಮುಗಿದು ಮೂರು ವರ್ಷ ಆಯ್ತಮ್ಮ."

"ಸರಿ, ನಮ್ಮ ಚಾಮರಾಜಪುರಂನಲ್ಲಿ ಇನ್ನೇನು ಉಳಿದಿದೆ ಪಾಪ."

ಬಸ್ಸಿನಿಂದ ಇಳಿದಾಗ ಬೆಟ್ಟ ಕಾಣಲಿಲ್ಲ. ಮಂಜು ಇತ್ತು. ಬೆಟ್ಟವಿರಬೇಕಾದ ಕಡೆ ಬರೀ ಬಿಳಿ. ಅದರ ಕೆಳಗೆ ಒಂದು ಕಲ್ಯಾಣಿ, ಕಲ್ಯಾಣಿಯ ಪಕ್ಕದಲ್ಲಿ ಕಲ್ಲಿನ ಗುಡಿ, ಗುಡಿಯ ಮುಂದೆ ಬಯಲು. ನಾನು ಗುಡಿಯ ಒಳಗೆ ಹೋಗಿ ಕಂಬಗಳನ್ನು ಎಣಿಸಿದೆ. ಹದಿನಾರು. ತಿರುಗಣೆಗೆ ಕೊಟ್ಟು ಕಡೆದಂಥ ಕಪ್ಪು ಕಂಬಗಳು. ನುಣುಪು ಎಷ್ಟೆಂದರೆ, ಹತ್ತಿರ ಹೋದಾಗ ನನ್ನ ಮುಖ ಅದರಲ್ಲಿ ಉದ್ದುದ್ದವಾಗಿ ಕಂಡಿತು. ಯಾರೋ ಒಬ್ಬ ಕೆಲಸಗಾರ, ನೂರಾರು ವರ್ಷಗಳ ಹಿಂದೆ, ಇಷ್ಟು ಸಾಕು ಎನ್ನಬಹುದಾದ ಹೊತ್ತು ಬಂದ ಮೇಲೂ ಉಜ್ಜುತ್ತಲೇ ಇದ್ದಿರಬೇಕು. ಆ ಪುಟದಲ್ಲಿ ಹದಿನಾರು ಎಂಬುದರ ಮುಂದೆ ನಾನು ಬೇರೇನೂ ಬರೆದಿಲ್ಲ.

ಹೊರಗೆ ಬರುವಷ್ಟರಲ್ಲಿ ಮಂಜು ಹರಿದಿತ್ತು. ಬೆಟ್ಟ ಒಮ್ಮೆಗೇ ಎದುರಿಗೆ ನಿಂತಿತ್ತು. ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಹತ್ತಿರದಲ್ಲಿ, ಒಂದೇ ಬಂಡೆ, ತಲೆ ಹಿಂದಕ್ಕೆ ಎತ್ತಿ ನೋಡಬೇಕಾದಷ್ಟು ಎತ್ತರ. ಅದರ ಬುಡದುದ್ದಕ್ಕೂ, ಸಂತೆಮಾಳದ ಅಂಚಿನಲ್ಲಿ, ಕಲ್ಲುಗಳು ಸಾಲಾಗಿ ನಿಂತಿದ್ದವು.

ವೀರಗಲ್ಲು ನೋಡಿದವರಿಗೆ ಗೊತ್ತು, ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತವನನ್ನು ಅಪ್ಸರೆಯರು ತೋಳು ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಮೇಲಿನ ಪಟ್ಟಿಯಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ನಾನು ಒಂದೊಂದರ ಎತ್ತರ ಅಳೆದು, ಕೆತ್ತನೆಯ ವಿವರ ಬರೆದುಕೊಂಡು, ಬುಡದಲ್ಲಿ ಹೆಬ್ಬೆರಳಿನಷ್ಟು ದೊಡ್ಡದಾಗಿ ಸೀಮೆಸುಣ್ಣದ ಸಂಖ್ಯೆ ಹಾಕುತ್ತ ಹೋದೆ. ಇಪ್ಪತ್ತೇಳು ಕಲ್ಲು. ಏಳರಲ್ಲಿ ಕುದುರೆ. ಐದರಲ್ಲಿ ದನದ ಹಿಂಡು. ಒಂದರಲ್ಲಿ ಮಾತ್ರ, ಹದಿನಾಲ್ಕನೆಯದರಲ್ಲಿ, ಬಿಲ್ಲುಗಾರನ ಕಾಲ ಬಳಿ ನಾಯಿ. ಆ ನಾಯಿ ಸುಮ್ಮನೆ ನಿಂತಿಲ್ಲ. ಅವನಿಗಿಂತ ಒಂದು ಹೆಜ್ಜೆ ಮುಂದೆ ಹಾರಿದೆ. ಅದರ ತಲೆ ಕಲ್ಲಿನಿಂದ ಒಂದೂವರೆ ಅಂಗುಲ ಹೊರಕ್ಕೆ ಚಾಚಿಕೊಂಡಿದೆ. ಅದರ ಮುಂದೆ ಬಹಳ ಹೊತ್ತು ಕುಕ್ಕರಗಾಲಿನಲ್ಲಿ ಕೂತಿದ್ದೆ. ಮನುಷ್ಯನ ಹೆಸರು ಉಳಿದಿಲ್ಲ, ನಾಯಿಯ ಧೈರ್ಯ ಉಳಿದಿದೆ.

ಎಂಟೂವರೆಯ ಹೊತ್ತಿಗೆ ಸಂತೆಯವರು ಬರತೊಡಗಿದರು. ಒಬ್ಬೊಬ್ಬರೂ ಬಂದವರು ಅತ್ತಿತ್ತ ನೋಡದೆ ನೇರವಾಗಿ ತಮ್ಮ ತಮ್ಮ ಕಲ್ಲಿಗೆ ಹೋಗಿ ಅದಕ್ಕೆ ಬೆನ್ನು ಕೊಟ್ಟು ಕೂತರು. ಅವರೆಕಾಯಿ, ಈರುಳ್ಳಿ, ಹುಣಸೆಹಣ್ಣು, ಕುಡುಗೋಲು, ಹಗ್ಗ. ಅರ್ಧ ಗಂಟೆಯಲ್ಲಿ ಇಪ್ಪತ್ತೇಳು ಯುದ್ಧಗಳೂ ಜನರ ಬೆನ್ನ ಹಿಂದೆ ಮರೆಯಾದವು. ಅಪ್ಸರೆಯರು ಮಾತ್ರ ಅವರ ತಲೆಗಳ ಮೇಲೆ ಹಾರುತ್ತಿದ್ದರು.

ಹದಿನಾಲ್ಕನೆಯ ಕಲ್ಲಿನವರು ಬಂದದ್ದು ಎಲ್ಲರಿಗಿಂತ ಕೊನೆಗೆ, ಒಂಬತ್ತಕ್ಕೆ. ಎಪ್ಪತ್ತು ದಾಟಿದ ಅಜ್ಜಿ. ಗೋಣಿ ಹಾಸುವ ಮೊದಲು ಬಗ್ಗಿ ನನ್ನ ಸಂಖ್ಯೆಯನ್ನು ನೋಡಿದರು, ಬೆರಳಿನಿಂದ ಮುಟ್ಟಿದರು, ಅಳಿಸಲಿಲ್ಲ. ಆಮೇಲೆ ಗಂಟು ಬಿಚ್ಚಿದರು. ತರಕಾರಿ ಬೀಜ. ಎಲ್ಲ ಹಳೆಯ ಪೇಪರಿನ ಪೊಟ್ಟಣಗಳು. ಯಾವುದರ ಮೇಲೂ ಬರಹವಿಲ್ಲ.

"ಯಾವುದು ಯಾವುದು ಅಂತ ಹೇಗೆ ಗೊತ್ತಾಗತ್ತೆ ಅಜ್ಜಿ?"

"ಮಡಿಕೆ ನೋಡವ್ವ. ಚೌಕ ಮಡಿಸಿರೋದು ಈರೆ. ಮುಕ್ಕೋಣ ಸೋರೆ. ಉದ್ದಕಿರೋದು ಬದ್ನೆ. ಕಿವಿ ತಿರುಪಿರೋದು ಮೆಣ್ಸಿನಕಾಯಿ."

"ಬೀಜ ಮೊಳೀದೆ ಇದ್ರೆ?"

"ಬಂದು ಕೇಳ್ತಾರೆ, ಬ್ಯಾರೆ ಕೊಡ್ತೀನಿ. ಅದ್ಕೇ ಕಣವ್ವ ಈ ಕಲ್ಲು ಬುಟ್ಟು ನಾನು ಅಲ್ಲಾಡಲ್ಲ. ಸೊಪ್ಪು ಮಾರೋರು ಎಲ್ಲಿ ಕೂತ್ರೂ ಆಯ್ತದೆ. ಬೀಜ ಮಾರೋಳು ಒಂದೇ ಕಡೆ ಇರ್ಬೇಕು. ನಲ್ವತ್ತು ವರ್ಸ ಆಯ್ತು, ಇಲ್ಲೇ." ಆಮೇಲೆ, ನನ್ನನ್ನಲ್ಲ, ಹೊರಳಿ ಬೆಟ್ಟವನ್ನು ನೋಡುತ್ತ, "ಇರೋಗಂಟ," ಎಂದರು.

ಆ ಕೊನೆಯ ಮಾತನ್ನೂ ನಾನು ಬರೆದುಕೊಂಡಿದ್ದೇನೆ. ಅರ್ಥವಾಗಿರಲಿಲ್ಲ, ಅಷ್ಟೆ.

ಜನವರಿ 23, ಮಂಗಳವಾರ. ಆರು ಕಲ್ಲುಗಳ ಅಗಲ ಅಳೆಯುವುದು ಬಿಟ್ಟುಹೋಗಿತ್ತು ಎಂದು ಮತ್ತೆ ಹೋದೆ. ಬಸ್ಸು ತಡ, ಇಳಿದದ್ದು 9.40. ಸಂತೆ ತುಂಬಿತ್ತು, ಆದರೆ ಎಲ್ಲ ರಸ್ತೆಯ ಕಡೆಗೆ. ಚರಂಡಿಯ ಅಂಚಿನಲ್ಲಿ, ಬಸ್ಸುಗಳ ಧೂಳಿನಲ್ಲಿ, ಜನ ಒಬ್ಬರ ಮೇಲೊಬ್ಬರು ಕೂತಂತೆ ಕೂತಿದ್ದರು. ಕಲ್ಲುಗಳ ಸಾಲು ಬೆಳಿಗ್ಗೆ ಏಳರ ಹೊತ್ತಿನ ಹಾಗೆ ಖಾಲಿ. ಇಪ್ಪತ್ತೇಳೂ ಕಲ್ಲುಗಳ ಬುಡದಲ್ಲಿ ನನ್ನ ಸಂಖ್ಯೆಗಳು ಚೆನ್ನಾಗಿ ಕಾಣುತ್ತಿದ್ದವು.

ಹುಣಸೆಹಣ್ಣು ಮಾರುವ ಹೆಂಗಸು ಹಿಂದೆ ಹದಿಮೂರನೆಯ ಕಲ್ಲಿಗೆ, ಅಜ್ಜಿಯ ಪಕ್ಕಕ್ಕೆ, ಕೂತಿದ್ದವರು. ಅವರನ್ನು ಕೇಳಿದೆ.

"ಯಾಕೆ ಎಲ್ಲ ಈ ಕಡೆ ಬಂದಿದ್ದೀರಿ?"

"ನಂಬರ್ ಹಾಕ್ಬುಟ್ಟವ್ರಲ್ಲ ಮೇಡಂ. ಬಸ್ ಸ್ಟ್ಯಾಂಡ್ ರೋಡ್ನಲ್ಲಿ ಮನೆ ಗ್ವಾಡೆಗೆ ನಂಬರ್ ಹಾಕುದ್ರು, ಮೂರೇ ತಿಂಗ್ಳು, ಜೇಸಿಬಿ ಬತ್ತು. ಇವಾಗ ಕಲ್ಲೆಲ್ಲ ಕಿತ್ತು ಮ್ಯೂಸಿಯಮ್ಗೆ ಸಾಗುಸ್ತಾರಂತೆ. ಈ ಜಾಗ್ದಾಗೆ ಕಾಂಪೌಂಡ್ ಬತ್ತದಂತೆ."

"ಯಾರು ಹೇಳಿದ್ದು?"

"ಯಾರ್ ಯೋಳ್ಬೇಕು? ನಂಬರ್ ಸುಮ್ಸುಮ್ನೆ ಬತ್ತದಾ?"

ಸುಮ್ಮಸುಮ್ಮನೆ ಬಂದದ್ದೇ, ಹಾಕಿದವಳು ನಾನೇ ಎಂದೆ. ಗ್ರಂಥಾಲಯ, ಕಪಾಟು, ಎರಡು ಸಲ ಎಣಿಸಬಾರದು ಎಂಬುದು, ಎಲ್ಲವನ್ನೂ ಹೇಳಿದೆ. ಅವರು ಕೈಯಲ್ಲಿದ್ದ ಹುಣಸೆಯ ಉಂಡೆಯನ್ನು ಕೆಳಗಿಟ್ಟರು.

"ನೀನಾ ತಾಯಿ! ಎರಡು ವಾರದಿಂದ ಈ ಗಬ್ಬು ಚರಂಡಿ ಮೂಸ್ಕೊಂಡು ಕೂತಿವ್ನಿ, ನೀನು ಎಣ್ಸಿ ಮರ್ತೋಯ್ತೀಯ ಅಂತ?" ಸುತ್ತಲಿದ್ದವರತ್ತ ತಿರುಗಿ ಕೂಗಿದರು. "ಬನ್ರೋ, ಇಲ್ಲೇ ಅವ್ರೆ ನೋಡಿ ನಮ್ ಇಲಾಖೆಯೋರು!"

ಜನ ನೆರೆದರು. ಕೆಲವರು ಬೈದರು, ಹೆಚ್ಚಿನವರು ನಕ್ಕರು. ಕುಡುಗೋಲಿನವರು, "ನಮ್ಗೂ ಒಂದೊಂದು ನಂಬರ್ ಹಾಕ್ಬುಡವ್ವ, ಕಳ್ದೋಗಲ್ಲ," ಎಂದರು. ನಾನು ಕಲ್ಯಾಣಿಯಲ್ಲಿ ಕರವಸ್ತ್ರ ನೆನೆಸಿಕೊಂಡು ಬಂದು ಒಂದರಿಂದ ಒರೆಸುತ್ತ ಹೋದೆ. ಜನ ತಮ್ಮ ಮೂಟೆಗಳನ್ನು ಎಳೆದುಕೊಂಡು ಹಿಂದೆಯೇ ಬಂದರು. ಒರೆಸಿದ ಕಲ್ಲಿನಲ್ಲಿ ತೇವ ಆರುವ ಮೊದಲೇ ಬೆನ್ನು ಬಂದು ತಾಗುತ್ತಿತ್ತು. ಹದಿನಾಲ್ಕಕ್ಕೆ ಮಾತ್ರ ಯಾರೂ ಬರಲಿಲ್ಲ.

"ಬೀಜದಜ್ಜಿ ಓದ್ವಾರಾನೂ ಬರ್ಲಿಲ್ಲ, ಈ ವಾರಾನೂ ಇಲ್ಲ," ಎಂದರು ಹುಣಸೆಯವರು, ಈಗ ನಗದೆ. "ಕಲ್ಲೇ ಓಯ್ತದೆ, ಇನ್ನೆಲ್ ಕೂತ್ಕಳ್ಳಿ ಅಂತ ಮನೇಲವ್ಳೆ. ಇನ್ನೊಂದು ಸಂತೆ ಆದ್ರೆ ಜಾಗ ಓದಂಗೇ."

ಅದು ಈ ಸಂತೆಯ ಕಟ್ಟಳೆ. ಎಲ್ಲಿಯೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತು. ಎರಡು ಸಂತೆ ಜಾಗ ಖಾಲಿ ಬಿಡಬಹುದು. ಮೂರನೆಯ ಸಂತೆಯ ದಿನ ಬೆಟ್ಟದ ಮೇಲೆ ಬಂದ ಬಿಸಿಲು ಕಲ್ಲಿನ ಬುಡ ಮುಟ್ಟುವ ಮೊದಲು ಗೋಣಿ ಹಾಸಿರಬೇಕು. ಇಲ್ಲದಿದ್ದರೆ ಅಲ್ಲಿ ಯಾರು ಬೇಕಾದರೂ ಕೂರಬಹುದು, ಮತ್ತೆ ಅದು ಅವರದೇ. ಆಗಲೇ ಈರುಳ್ಳಿ ಮಾರುವವರೊಬ್ಬರು ಹದಿನಾಲ್ಕರ ಮುಂದೆ ನಿಂತು ನೆರಳನ್ನು ನೋಡುತ್ತಿದ್ದರು. ಅವರಿಗೆ ಕಲ್ಲೇ ಇಲ್ಲ. ಹನ್ನೆರಡು ವರ್ಷದಿಂದ ಚರಂಡಿಯ ಪಕ್ಕದಲ್ಲೇ ಇದ್ದಾರೆ. ಅವರದು ತಪ್ಪು ಎನ್ನಲು ನನಗೆ ಬಾಯಿರಲಿಲ್ಲ.

ಅಜ್ಜಿಯದು ಬೆಟ್ಟದ ಆಚೆ ಮಗ್ಗುಲಿನ ಹಳ್ಳಿ. ಬೆಟ್ಟವನ್ನು ಸುತ್ತಿಕೊಂಡು ಹೋಗುವ ದಾರಿಯಲ್ಲಿ ನಡೆದೆ, ಐವತ್ತೆಂಟು ನಿಮಿಷ. ಅಜ್ಜಿ ಹಟ್ಟಿಯ ಮುಂದೆ ಮೊರದಲ್ಲಿ ಬೂದಿ ಕಲೆಸಿದ ಬೀಜ ಹರಡಿಕೊಂಡು ಕೂತಿದ್ದರು. ನಿಂತೇ ಎಲ್ಲ ಹೇಳಿದೆ. ಕ್ಷಮಿಸಿ ಎಂದೂ ಹೇಳಿದೆ. ಅವರು ಬೈಯಲಿಲ್ಲ.

"ಸರ್ಕಾರದೋರಲ್ವಾ?"

"ಅಲ್ಲ ಅಜ್ಜಿ. ನಾನೇ."

"ಎಣ್ಸಿ ಏನ್ ಮಾಡ್ತೀಯ?"

"ಬರೆದಿಟ್ಟುಕೊಳ್ತೀನಿ."

"ನನ್ ಕಲ್ಲಲ್ಲಿ ಏನದೆ, ಅದ್ನೂ ಬರ್ದಿದ್ದೀಯ?"

ನಾನು ಪುಸ್ತಕ ತೆಗೆದು ಓದಿದೆ. ಎತ್ತರ ನಾಲ್ಕೂವರೆ ಅಡಿ. ಕೆಳಗೆ ಬಿಲ್ಲು ಹಿಡಿದ ಗಂಡಸು, ಮೂರು ಹಸು, ಮುಂದೆ ಹಾರುತ್ತಿರುವ ನಾಯಿ. ನಾಯಿ ಎಂದಾಗ ಅಜ್ಜಿ ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಎಡಗೈಯನ್ನು ಹಿಂದಕ್ಕೆ ಹಾಕಿ ಬೆನ್ನಿನಲ್ಲಿ, ಸೊಂಟದ ಮೇಲೆ, ಒಂದು ಜಾಗವನ್ನು ಒತ್ತಿ ಹಿಡಿದರು.

"ಇಲ್ಲಿ ಒತ್ತೋದು ನಾಯಿನಾ?"

"ಅದರ ತಲೆ ಇರಬೇಕು."

"ಅಯ್ಯೋ. ನಾನು ಏನೋ ಗುಬುಟು ಅನ್ಕಂಡಿದ್ದೆ." ಅವರು ಬೆನ್ನಿನಿಂದ ಕೈ ತೆಗೆಯಲಿಲ್ಲ. "ಮದ್ಯಾನದ್ಮೇಲೆ ನೋವು ಬಂದಾಗ ಅದುಕ್ಕೇ ಉಜ್ಕತಿದ್ದೆ ಕಣವ್ವ. ಎಡಕ್ಕೆ ಇನ್ನೊಂದೈತೆ, ಸಣ್ದು, ಚೂಪು."

"ಬಿಲ್ಲಿನ ತುದಿ."

"ಅದ್ರ ಮ್ಯಾಲೆ ಬೆಣ್ಣೆಯಂಗೆ ನುಣ್ಗೈತೆ."

"ಹಸುವಿನ ಬೆನ್ನು."

ಅಲ್ಲಿಗೆ ನಾನು ಓದುವುದನ್ನು ನಿಲ್ಲಿಸಿದೆ. ಕಣ್ಣಿಟ್ಟು ನೋಡಿ, ಟೇಪು ಹಿಡಿದು, ನಾನು ಬರೆದುಕೊಂಡಿದ್ದ ಕಲ್ಲನ್ನು ಅವರು ಒಮ್ಮೆಯೂ ತಿರುಗಿ ನೋಡದೆ ಪೂರ್ತಿ ಬಲ್ಲವರಾಗಿದ್ದರು. ನಲವತ್ತು ವರ್ಷದ ಮಂಗಳವಾರಗಳಲ್ಲಿ ಆ ಕಲ್ಲು ಅವರ ಬೆನ್ನಿನಲ್ಲಿ ಅಚ್ಚೊತ್ತಿಕೊಂಡಿತ್ತು. ಹಸುವಿನ ಬೆನ್ನು ಹಾಗೆ ನುಣ್ಣಗಾದದ್ದು ಕೆತ್ತಿದವನಿಂದಲೋ ಇವರಿಂದಲೋ ಎಂದು ಯೋಚಿಸುತ್ತ ನಿಂತಿದ್ದೆ.

"ಮಂಗ್ಳವಾರ ಡೈರಿಗೆ ಹಾಲು ಹಾಕ್ಬುಟ್ಟು, ಹಾಲಿನ ಆಟೋಲೇ ನಾನು ಬರೋದು. ಒಂಬತ್ತಾಯ್ತದೆ," ಎಂದರು ಅಜ್ಜಿ. "ಬಿಸ್ಲು ಬೀಳೋಗಂಟ ಯಾರಾದ್ರೂ ಕೂತಿರ್ಬೇಕು."

"ಹುಣಸೆಹಣ್ಣಿನವರಿಗೆ ಹೇಳಲಾ?"

"ಒಬ್ರು ಎರಡು ಗೋಣಿ ಹಾಸಂಗಿಲ್ಲ. ಬರೀ ಗೋಣಿ ಹಾಸಿದ್ರೂ ಆಗಲ್ಲ, ಮಾರ್ಬೇಕು." ಒಳಗೆ ಹೋಗಿ ಒಂದು ಗೋಣಿಯನ್ನೂ ಒಂದು ಸಣ್ಣ ಗಂಟನ್ನೂ ತಂದು ನನ್ನ ಕೈಗೆ ಹಾಕಿದರು. "ಬರ್ದೋಳು ನೀನು. ನೀನೇ ಬಂದು ಕೂತ್ಕೊ."

ಗೋಣಿಯನ್ನು ನೋಡಿ ಅಮ್ಮ ಬಾಗಿಲಲ್ಲೇ ನಿಂತಳು. "ಇದೇನೇ ಇದು?"

"ಬೀಜ. ಮುಂದಿನ ಮಂಗಳವಾರ ಮಾರಬೇಕು."

"ನಿಮ್ಮ ತಾತ ಅರಮನೆ ಕಚೇರೀಲಿ ಕಾಗದ ಪತ್ರ ನೋಡ್ಕೊಂಡಿದ್ರು ಕಣೇ," ಎಂದಳು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದಲೇ ಕೇಳಿದಳು. "ಸೋರೆಕಾಯಿದು ಇದೆಯಾ?"

ಜನವರಿ 30, ಮಂಗಳವಾರ. ಇಳಿದದ್ದು 6.50. ಮಂಜಿರಲಿಲ್ಲ. ಹದಿನಾಲ್ಕರ ಮುಂದೆ ಈರುಳ್ಳಿಯವರು ಮೂಟೆಗಳನ್ನು ಇಳಿಸಿಕೊಂಡು, ಗೋಣಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಬೆಟ್ಟದ ನೆತ್ತಿಯನ್ನು ನೋಡುತ್ತ ನಿಂತಿದ್ದರು. ಹಾಸಿರಲಿಲ್ಲ. ಹೊತ್ತಾಗುವ ಮೊದಲು ಹಾಸುವುದು ಅವರಿಗೂ ಒಗ್ಗದ ಕೆಲಸ. ನಾನು ಹೋಗಿ ಅಜ್ಜಿಯ ಗೋಣಿಯನ್ನು ಹರಡಿದೆ.

"ನೀವಾ ಮೇಡಂ ಕೂರೋದು?" ಎಂದರು.

"ಅಜ್ಜಿ ಬರೋವರೆಗೆ."

"ಬೀಜ ಗೊತ್ತಾ ನಿಮ್ಗೆ?"

"ಮಡಿಕೆ ಗೊತ್ತು."

ಅವರು ನಕ್ಕುಬಿಟ್ಟರು. ಆ ನಗೆಯಲ್ಲಿ ಬೇಸರ ಇತ್ತು, ಮುಚ್ಚಿಡಲಿಲ್ಲ. "ಮಾರಿ ಮತ್ತೆ. ಬಿಸ್ಲು ಬರೋದ್ರೊಳ್ಗೆ ಒಂದಾದ್ರೂ ಓಗ್ಬೇಕು," ಎಂದು ಹೇಳಿ, ನಾಲ್ಕು ಹೆಜ್ಜೆ ಆಚೆ ಮೂಟೆಯ ಮೇಲೆಯೇ ಕೂತರು.

ಬೆನ್ನಿಗೆ ಕಲ್ಲು ತಣ್ಣಗಿತ್ತು. ನಾಯಿಯ ತಲೆ ನನಗೆ ಅಜ್ಜಿಗಿಂತ ಕೊಂಚ ಕೆಳಗೆ ತಾಗಿತು. ಹತ್ತು ನಿಮಿಷ ಯಾರೂ ಬರಲಿಲ್ಲ. ತಲೆ ತಿರುಗಿಸಿ ನೋಡುತ್ತಿದ್ದಂತೆ ಬೆಟ್ಟದ ಹಿಂದೆ ಆಕಾಶ ಕೆಂಪಾಗಿ, ಹಳದಿಯಾಗಿ, ಬಂಡೆಯ ಅಂಚು ಉರಿಯುವ ಗೆರೆಯಾಯಿತು. ಬಿಸಿಲು ಮೊದಲು ಎದುರಿಗೆ ದೂರದ ಹೊಲಗಳಲ್ಲಿ ಬಿತ್ತು, ಆಮೇಲೆ ರಸ್ತೆಗೆ, ಆಮೇಲೆ ಗುಡಿಯ ತಲೆಗೆ. ನೆರಳು ಬಯಲಿನ ಮೇಲೆ ಹಿಂದೆ ಸರಿಯುತ್ತ ಸರಿಯುತ್ತ ನಮ್ಮ ಕಡೆಗೇ ಬರುತ್ತಿತ್ತು. ಅದು ನಡೆಯುವುದು ಬರಿಗಣ್ಣಿಗೆ ಕಾಣುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎಂದಿನಿಂದಲೋ ಪ್ರತಿದಿನ ಬೆಳಿಗ್ಗೆ ಈ ಇಪ್ಪತ್ತೇಳು ಕಲ್ಲುಗಳ ಮುಂದೆ ಇದು ನಡೆಯುತ್ತ ಬಂದಿದೆ, ಕೂತು ನೋಡಿದವರು ಎಷ್ಟೋ. ಮಾರಬೇಕೆಂಬುದನ್ನೇ ಒಂದು ಗಳಿಗೆ ಮರೆತೆ.

"ಈರೆ ಬೀಜ ಐತಾ?" ಯಾರೋ ಕೇಳಿದರು. ಹೆಗಲಿಗೆ ಕಂಬಳಿ ಹಾಕಿದವರು. ನಾನು ತಡಬಡಿಸಿ ಚೌಕದ ಪೊಟ್ಟಣ ಹುಡುಕಿ ಕೊಟ್ಟೆ. ಅವರು ಎದ್ದುಹೋಗುವಾಗ ಬಿಸಿಲು ಗೋಣಿಯ ಅಂಚಿಗೆ ಒಂದು ಮೊಳ ದೂರದಲ್ಲಿತ್ತು. ಈರುಳ್ಳಿಯವರು ಅದನ್ನು ನೋಡಿದರು. ಎದ್ದು ತಮ್ಮ ಮೂಟೆಗಳನ್ನು ಒಂದೊಂದಾಗಿ ಚರಂಡಿಯ ಕಡೆಗೆ ಹೊತ್ತರು. ಒಂದನ್ನು ಹಿಡಿಯಲು ಹೋದೆ. "ನಿಮ್ಮ ಜಾಗ ಬುಟ್ಟು ಏಳ್ಬೇಡಿ ಮೇಡಂ," ಎಂದರು.

ಅಜ್ಜಿ ಬಂದದ್ದು 9.10ಕ್ಕೆ. ಅಷ್ಟರಲ್ಲಿ ಹನ್ನೊಂದು ಪೊಟ್ಟಣ ಹೋಗಿತ್ತು. ಹೀರೆ ನಾಲ್ಕು, ಸೋರೆ ಮೂರು, ಬದನೆ ಎರಡು, ಮೆಣಸಿನಕಾಯಿ ಎರಡು. ಪುಸ್ತಕ ತೆರೆದು ತೋರಿಸಿದೆ.

"ಯಾವೂರೋರು?"

"ಕೇಳಲಿಲ್ಲ."

"ಎಂಗಿದ್ರು ನೋಡೋಕೆ?"

ಕಂಬಳಿಯವರೊಬ್ಬರನ್ನು ಬಿಟ್ಟು ಯಾರ ಮುಖವೂ ನೆನಪಿರಲಿಲ್ಲ. ಅಜ್ಜಿ ಮೊದಲ ಸಲ ನನ್ನ ಮೇಲೆ ಕೋಪ ಮಾಡಿಕೊಂಡರು.

"ಎಷ್ಟು ಅಂತ ಬರ್ದಿದ್ದೀಯ, ಯಾರು ಅಂತ ನೋಡ್ಲಿಲ್ವಾ! ಮೊಳೀದೇ ಓದ್ರೆ ಅವ್ರು ನನ್ನ ಮೊಕ ಉಡುಕ್ತಾರಾ? ನಿಂದು ಉಡುಕ್ತಾರೆ. ಇನ್ನೆರಡು ಮಂಗ್ಳವಾರ ಬಂದು ಪಕ್ದಲ್ಲಿ ಕೂತ್ಕೊ. ಬದ್ನೆ ಮೆಣ್ಸಿನಕಾಯಿ ಮೊಳ್ತೋ ಇಲ್ವೋ ಅಷ್ಟೊತ್ಗೆ ಗೊತ್ತಾಯ್ತದೆ."

ಹೇಳಿ, ನನ್ನನ್ನು ಎಬ್ಬಿಸಿ ಕೂತರು. ಕೂತು ಬೆನ್ನನ್ನು ಎಡಕ್ಕೆ, ಬಲಕ್ಕೆ, ಮತ್ತೆ ಸ್ವಲ್ಪ ಎಡಕ್ಕೆ ಸರಿಸಿದರು.

ಫೆಬ್ರವರಿ 6ರಂದು ಹೋದೆ, 13ರಂದು ಹೋದೆ. ಎರಡು ದಿನವೂ ಅಜ್ಜಿಯ ಪಕ್ಕದಲ್ಲಿ, ಹುಣಸೆಯವರು ಸರಿದು ಬಿಟ್ಟುಕೊಟ್ಟ ಎರಡು ಗೇಣು ಜಾಗದಲ್ಲಿ, ಮುಖ ಎಲ್ಲರಿಗೂ ಕಾಣುವಂತೆ ಕೂತೆ. ಪ್ರತಿಯೊಬ್ಬರೂ ಹತ್ತಿರ ಬಂದಾಗ ಬೇರೆ ಪೊಟ್ಟಣ ಕೊಡಲು ಗಂಟಿಗೆ ಕೈ ಹಾಕುತ್ತಿದ್ದೆ. ಅವರು ಅವರೆಕಾಯಿಗೋ ಹಗ್ಗಕ್ಕೋ ಮುಂದೆ ಹೋಗುತ್ತಿದ್ದರು. ಹದಿಮೂರರಂದು ನಾಲ್ಕು ಗಂಟೆಗೆ ಅಜ್ಜಿ ಗಂಟು ಕಟ್ಟತೊಡಗಿದರು.

"ಮೊಳೀಲಿಲ್ಲ ಅಂತ ಯಾರೂ ಬರಲಿಲ್ಲವಲ್ಲ ಅಜ್ಜಿ," ಎಂದೆ.

"ಬಂದಿದ್ರೆ ಚೆನ್ನಾಗಿತ್ತಾ?" ಎಂದರು. "ಏಳು. ಬಸ್ ಓಯ್ತದೆ."

ಬಸ್ಸು ಬೆಟ್ಟದ ಬುಡ ಸುತ್ತಿ ಹಳ್ಳಿಗಳ ನಡುವೆ ಹಾದುಹೋಯಿತು. ಎರಡೂ ಕಡೆ ಮನೆಗಳು, ಮನೆಗಳ ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಆಗತಾನೆ ಹಾಕಿದ ಚಪ್ಪರದ ಕಡ್ಡಿಗಳು. ನಾನು ಕೈಯಾರೆ ಕೊಟ್ಟ ಬೀಜ ಇಂಥ ಯಾವುದೋ ಹನ್ನೊಂದು ಕಡೆ ಮಣ್ಣು ಒಡೆದು ಮೇಲೆ ಬಂದಿತ್ತು. ಎಲ್ಲಿ, ಯಾರ ಮನೆಯಲ್ಲಿ ಎಂಬುದು ನನಗೆ ಎಂದೂ ತಿಳಿಯುವುದಿಲ್ಲ. ಕಿಟಕಿಯ ಪಕ್ಕದಲ್ಲಿ ಪುಸ್ತಕ ತೆರೆದು, ಕುಲುಕಾಟದಲ್ಲಿ ಸೊಟ್ಟಸೊಟ್ಟಗೆ, ಆ ದಿನದ ಸಾಲನ್ನು ಬರೆದೆ. ಕೇಳಿಕೊಂಡು ಬಂದವರು: ಸೊನ್ನೆ.